ಗೇರುಗುಡ್ಡದ ಐದನೆಯ ಎಸೆತ

ದೆವ್ವ, ಪವಾಡ, ಕನಸಿನಲ್ಲಿ ಬಂದು ಕಳೆದ ಓಲೆ ತೋರಿಸಿಕೊಟ್ಟ ಅಜ್ಜಿ, ಇಂಥ ಸುದ್ದಿ ಎತ್ತಿದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಯಾರಾದರೂ ಶುರು ಮಾಡಿದರೆ ಅಡ್ಡಪ್ರಶ್ನೆ ಹಾಕಿ ಹಾಕಿ, ಅವರೇ ಡಬ್ಬಿ ಮುಚ್ಚಿಕೊಂಡು ಏಳುವ ಹಾಗೆ ಮಾಡುತ್ತಿದ್ದೆ. ಈಗ ನೀವು ಅದೇ ಪ್ರಶ್ನೆಗಳನ್ನು ನನಗೆ ಹಾಕಬಹುದು. ಹಾಕಿ. ನಾನೇ ನನಗೆ ಎಲ್ಲವನ್ನೂ ಹಾಕಿಕೊಂಡು ಆಗಿದೆ.

ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ಡಿಸ್ಕ್ ಗಾಲ್ಫ್‌ನಲ್ಲಿ ಕೋಲೂ ಇಲ್ಲ, ಚೆಂಡೂ ಇಲ್ಲ. ತಿಂಡಿ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಡಿಸ್ಕನ್ನು ಎಸೆಯುತ್ತಾ ಹೋಗಿ, ಕೊನೆಗೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಬಹಳಷ್ಟು ಬುಟ್ಟಿಗಳಿಗೆ ಮೂರು ಎಸೆತ ಸಾಕು. ಪಾರ್ ಫೈವ್ ಎಂದರೆ ಐದು ಎಸೆತ ಬೇಡುವ ಭಾರೀ ಉದ್ದದ ದಾರಿ. ನನಗೆ ಹುಚ್ಚು ಹಿಡಿಸಿದ್ದು ಅದೇ. ಗಿಡ್ಡ ದಾರಿಯಲ್ಲಿ ಅದೃಷ್ಟ ಇದ್ದವರು ಗೆಲ್ಲುತ್ತಾರೆ. ಉದ್ದದ ದಾರಿಯಲ್ಲಿ ಹಟ ಇದ್ದವರಿಗೂ ಜಾಗ ಉಂಟು.

ಮೈಸೂರಿನವಳಾದ ನಾನು ಈ ಆಟ ಕಲಿತದ್ದು ಕೊಚ್ಚಿಗೆ ವರ್ಗವಾದ ಮೇಲೆ. ಸಂಜೆ ಫೋರ್ಟ್ ಕೊಚ್ಚಿಯ ಮರಳಿನಲ್ಲಿ ನಾಲ್ಕೈದು ಜನ ಸೇರಿ ಉದ್ದದ ಎಸೆತ ಅಭ್ಯಾಸ ಮಾಡುತ್ತಿದ್ದೆವು. ಡಿಸ್ಕಿನ ಬೆನ್ನಿಗೆ ಹೆಸರು, ಫೋನ್ ನಂಬರ್ ಬರೆಯುವುದು ಈ ಆಟದವರ ಪದ್ಧತಿ. ಕಳೆದರೆ ಸಿಕ್ಕಿದವರು ಫೋನ್ ಮಾಡಿ ಕೊಡುತ್ತಾರೆ. ನಾನು ನಂಬರ್ ಬರೆಯಲಿಲ್ಲ. ಕಿತ್ತಳೆ ಬಣ್ಣದ ನನ್ನ ಡಿಸ್ಕಿನ ಮೇಲೆ ‘ಶಕ್ಕು’ ಎಂದು ಕನ್ನಡದಲ್ಲಿ ದಪ್ಪಗೆ ಬರೆದುಬಿಟ್ಟೆ. ಕಚೇರಿಯಲ್ಲಿ ನಾನು ಶಕುಂತಲಾ ಮೇಡಂ, ಬೀದಿಯಲ್ಲಿ ಚೇಚಿ, ಅಂದರೆ ಅಕ್ಕ. ಶಕ್ಕು ಅನ್ನುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಇದನ್ನು ಓದಿ ನಿಮಗೆ ಕೊಡುವವರು ಯಾರು ಎಂದು ಜೊತೆಯವರು ನಕ್ಕರು. ಓದಲು ಬಾರದವರಿಗೆ ಅದು ಸಿಗುವುದೇ ಬೇಡ ಎಂದೆ. ಒಂದು ದಿನ ಬೀಚಿನ ನಾಯಿಯೊಂದು ಅದರ ಅಂಚನ್ನು ಕಚ್ಚಿ ಹಲ್ಲಿನ ಗುರುತು ಮಾಡಿತ್ತು. ಅದನ್ನೂ ಹಾಗೇ ಇಟ್ಟುಕೊಂಡಿದ್ದೆ.

ಒಂದು ಸಂಜೆ ನಾನು ಎಸೆದದ್ದನ್ನು ಗಾಳಿ ಹೊತ್ತುಕೊಂಡು ಹೋಗಿ ಸಮುದ್ರಕ್ಕೆ ಹಾಕಿತು. ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಹೋಗುವಾಗ ಸ್ಕೂಟರ್ ಜಾರಿ ಬಿದ್ದೆ. ಬಲಭುಜಕ್ಕೆ ಪ್ಲೇಟು ಹಾಕಿದರು. ಆ ಕೈ ಮತ್ತೆ ಎಸೆಯುವುದಿಲ್ಲ ಎಂದು ಡಾಕ್ಟರರು ಹೇಳಿದಾಗ ನಾನು ಅತ್ತದ್ದು ನೋವಿಗಲ್ಲ, ಸಿಟ್ಟಿಗೆ. ಸಮುದ್ರ ನುಂಗಿದ್ದೇ ನನ್ನ ಬಲಗೈಯ ಕೊನೆಯ ಎಸೆತ ಆಗಿಹೋಯಿತು.

ಅದಾದ ಮೇಲೆ ತಿರುವನಂತಪುರಕ್ಕೆ ವರ್ಗವಾಯಿತು. ಶ್ರೀಕಾರ್ಯಂನಲ್ಲಿ ಎಲ್ಲರೂ ಚೇಟ್ಟನ್, ಅಂದರೆ ಅಣ್ಣ, ಎಂದು ಕರೆಯುವ ಸುಧಾಕರನ್ ಎಂಬ ನಿವೃತ್ತರು ತಮ್ಮ ಮನೆತನದ ಗೇರುಗುಡ್ಡದಲ್ಲಿ ಬುಟ್ಟಿಗಳನ್ನು ನೆಟ್ಟು ಆಟದ ಜಾಗ ಮಾಡಿದ್ದಾರೆಂದು ತಿಳಿದು, ಭಾನುವಾರ ತಂಪಾನೂರಿನಿಂದ ಬಸ್ಸು ಹತ್ತಿ ಹೋದೆ. ಎಡಗೈಯಲ್ಲಿ ಅ ಆ ಇ ಈ ಇಂದ ಶುರು. ಮೊದಮೊದಲು ಡಿಸ್ಕು ನನ್ನ ಕಾಲ ಬುಡದಲ್ಲೇ ಬೀಳುತ್ತಿತ್ತು. ‘ಅಮ್ಮೇ, ಮತಿ’ ಎಂದು, ಸಾಕು ಮಾಡೆಂದು, ಮನೆಯಲ್ಲಿ ಮಗಳು ಮಲಯಾಳದಲ್ಲೇ ಬೈದಳು. ನಾನು ಕೇಳಲಿಲ್ಲ.

ಆ ಗುಡ್ಡದಲ್ಲಿ ಒಂದು ಪಾರ್ ಫೈವ್ ಇದೆ. ಗೇಟಿನ ಹತ್ತಿರದ ಕಟ್ಟೆಯಿಂದ ಎಸೆದು, ತೆಂಗಿನ ಸಾಲು ದಾಟಿಸಿ, ತೋಡು ಎಂಬ ಕಿರುಹಳ್ಳದ ನೀರು ದಾಟಿಸಿ, ಗುಡ್ಡ ಹತ್ತಿಸಿ, ನೆತ್ತಿಯ ಆಚೆ ಕಾಣದಿರುವ ಬುಟ್ಟಿಗೆ ಹಾಕಬೇಕು. ತೋಡಿನ ಈಚೆಗೆ ಇನ್ನೊಂದು ಕಟ್ಟೆಯಿದೆ, ಮಕ್ಕಳಿಗೆ, ಕೈಲಾಗದವರಿಗೆ. ಅಲ್ಲಿಂದ ಆಡಿ ಮೇಡಂ, ಅಲ್ಲಿಂದ ಆಡಿ ಚೇಚಿ, ಎಂದು ಎಲ್ಲರದೂ ಒಂದೇ ರಾಗ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಅದಕ್ಕೇ ಮೈ ಉರಿಯುತ್ತಿತ್ತು. ಒಂದು ದಿನ ಹೇಳಿಬಿಟ್ಟೆ: ಗೇಟಿನ ಕಟ್ಟೆಯಿಂದ ಐದರಲ್ಲಿ ಮುಗಿಸುತ್ತೇನೆ, ಮುಗಿಸಿದರೆ ನೀವು ಬಾಯಿ ಮುಚ್ಚಬೇಕು. ತಪ್ಪಿದರೆ ಸಾಯುವ ತನಕ ಮುಂದಿನ ಕಟ್ಟೆ.

ಅವತ್ತು ಬಿಸಿಲು ಇಳಿಯುವ ಹೊತ್ತಿಗೆ ನಾವು ಮೂರೇ ಜನ. ನಾನು, ಚೇಟ್ಟನ್, ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಧಾರವಾಡದ ಹುಡುಗ ಇಮ್ತಿಯಾಜ್. ಮೊದಲ ಎಸೆತ ತೆಂಗಿನ ಸಾಲಿನ ನಡುವೆ ನೆಟ್ಟಗೆ ಹೋಯಿತು. ಎರಡನೆಯದು ಅಡ್ಡಾದಿಡ್ಡಿ, ಆದರೂ ನೀರಿಗೆ ಬೀಳಲಿಲ್ಲ. ಮೂರು, ನಾಲ್ಕು ಮುಗಿದಾಗ ನಾನು ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ ನಿಂತಿದ್ದೆ. ಇನ್ನು ಒಂದೇ ಎಸೆತ. ಬುಟ್ಟಿ ಕಾಣುವುದಿಲ್ಲ. ಇಬ್ಬರೂ ನನ್ನ ಹಿಂದೆ ನಿಂತಿದ್ದರು. ಅವತ್ತು ಆಡುತ್ತಿದ್ದ ಹಳದಿ ಡಿಸ್ಕನ್ನು ಎಡಗೈಯಲ್ಲಿ ಎಸೆದೆ. ಅದು ನೆತ್ತಿ ದಾಟಿ ಕಣ್ಮರೆಯಾಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಝಲ್ ಎಂದು ಸರಪಳಿ ಸದ್ದು, ಮೂವರಿಗೂ ಕೇಳಿಸಿತು.

ಇಮ್ತಿಯಾಜ್ ಓಡಿದ. ನಾನು ಹೋಗುವಷ್ಟರಲ್ಲಿ ಅವನು ಬುಟ್ಟಿಯೊಳಗೆ ಬಗ್ಗಿ ನೋಡುತ್ತಿದ್ದ. ಬುಟ್ಟಿಯಲ್ಲಿ ಇದ್ದದ್ದು ಕಿತ್ತಳೆ ಬಣ್ಣದ ಡಿಸ್ಕ್. ಮಳೆ ಬಿದ್ದು ವಾರಗಳಾಗಿದ್ದವು, ಅದು ಒದ್ದೆಯಾಗಿತ್ತು. ಬೆನ್ನಿಗೆ ನನ್ನ ಕೈಬರಹದ ‘ಶಕ್ಕು’. ಅಂಚಿನಲ್ಲಿ ನಾಯಿಯ ಹಲ್ಲಿನ ಗುರುತು. ಬೆರಳು ಸವರಿ ನಾಲಿಗೆಗೆ ಮುಟ್ಟಿಸಿದೆ, ಉಪ್ಪು. ಕೈ ಬೆವರಿತ್ತು, ಅದರದ್ದೂ ಇರಬಹುದು. ಒಪ್ಪಿಕೊಳ್ಳುತ್ತೇನೆ, ಹೆದರಿದ್ದೆ.

ಕಿತ್ತಳೆಯದು ಕೊಚ್ಚಿಯಲ್ಲಿ ಸಮುದ್ರಕ್ಕೆ ಹೋದದ್ದು ಎಂದು ಇಬ್ಬರಿಗೂ ಹೇಳಿದೆ. ಹಳದಿ ಡಿಸ್ಕನ್ನು ಕತ್ತಲಾಗುವ ತನಕ ಹುಡುಕಿದೆವು. ಗೇರುಮರ ಅಲ್ಲಾಡಿಸಿದೆವು, ಕಾಂಪೌಂಡಿನ ಆಚೆ ನೋಡಿದೆವು. ಇಲ್ಲ.

ಕೊನೆಗೆ ಇಮ್ತಿಯಾಜ್ ಮೆಲ್ಲಗೆ ಹೇಳಿದ, “ಅಕ್ಕಾರ, ಹೆಸರು ನಿಮ್ದ ಐತಿ, ಡಿಸ್ಕೂ ನಿಮ್ದ. ಬುಟ್ಟ್ಯಾಗ ಬಿದ್ದೈತಿ. ಲೆಕ್ಕಕ್ಕ ಹಿಡೀರಿ.”

ಅದನ್ನೇ ಮಲಯಾಳದಲ್ಲಿ ಹೇಳಿದಾಗ ಚೇಟ್ಟನ್ ಕೂಡ ಹೌದೆಂದು ತಲೆಯಾಡಿಸಿದರು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಗೆದ್ದುಬಿಡುತ್ತಿದ್ದೆ. ಆದರೆ ಎಡಗೈ ಇಷ್ಟು ದಿನ ಬಿದ್ದ ಪಾಡು ನನಗೆ ಗೊತ್ತು. ಅದರ ಕೂಲಿಯನ್ನು ಇನ್ನೊಂದು ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

“ಇದು ಬಲಗೈ ಎಸೆದದ್ದಪ್ಪ,” ಎಂದೆ. “ಇವತ್ತು ಆಡಿದ್ದು ಎಡಗೈ. ನನಗೆ ಬೇಡ.”

ಮೊದಲು ನಾನು ಅನುಮಾನಪಟ್ಟದ್ದು ಇಮ್ತಿಯಾಜನ ಮೇಲೆಯೇ. ಆ ಗುಡ್ಡದಲ್ಲಿ ಕನ್ನಡ ಬರುವವನು ಅವನೊಬ್ಬನೇ. ಕೇಳಿದ್ದಕ್ಕೆ ಪಾಪ ಮುಖ ಸಣ್ಣ ಮಾಡಿಕೊಂಡ. ಆದರೆ ಅವನು ಕೊಚ್ಚಿಯಲ್ಲಿ ಇದ್ದವನಲ್ಲ, ನಾಯಿಯ ವಿಷಯ ನಾನು ಅವನಿಗೆ ಹೇಳಿದವಳೂ ಅಲ್ಲ. ಬೀಚಿನಲ್ಲಿ ಯಾರಿಗೋ ಸಿಕ್ಕಿರಬಹುದು ಎಂದರೆ, ಅಕ್ಷರ ಓದಲಾಗದವರು ನನ್ನನ್ನು ಇಷ್ಟು ದೂರ ಹುಡುಕಿಕೊಂಡು ಬಂದದ್ದು ಹೇಗೆ? ಅದೂ ಆ ಕ್ಷಣಕ್ಕೇ ಸರಿಯಾಗಿ? ಸರಪಳಿ ಅಲ್ಲಾಡಿಸಿದ್ದು ಯಾರು? ವರ್ಷಗಳು ಕಳೆದವು, ನನಗೆ ಉತ್ತರ ಸಿಕ್ಕಿಲ್ಲ. ದೇವರ ಕೃಪೆ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಕೃಪೆ ತೋರಿಸುವುದಿದ್ದರೆ ಹಳದಿಯದನ್ನೇ ಬೀಳಿಸಬಹುದಿತ್ತು.

ಆ ದಿನದ ಮುಂದಿನ ಭಾನುವಾರವೇ ಚೇಟ್ಟನ್ ನಿಯಮದ ಮಾತು ತೆಗೆದರು. ಕಿತ್ತಳೆಯದನ್ನು ನೀವೇ ಬೇಡ ಎಂದಿರಿ, ಸಿಗದ ಡಿಸ್ಕ್ ಕಳೆದ ಡಿಸ್ಕ್, ಒಂದು ಎಸೆತದ ದಂಡ, ಹಾಗಾಗಿ ಐದರಲ್ಲಿ ಮುಗಿದಿಲ್ಲ, ಇನ್ನು ಮುಂದಿನ ಕಟ್ಟೆಯಿಂದ ಆಡಿ ಎಂದರು. ಸರಪಳಿ ಸದ್ದು ನಿಮ್ಮ ಕಿವಿಗೂ ಬಿದ್ದಿತ್ತಲ್ಲ ಎಂದು ಕೇಳಿದೆ. ಅವರು ಸುಳ್ಳು ಹೇಳುವವರಲ್ಲ, ಬಿದ್ದಿತ್ತು ಎಂದು ಒಪ್ಪಿಕೊಂಡರು. ಕಿತ್ತಳೆ ಡಿಸ್ಕ್ ನನ್ನ ಚೀಲದಲ್ಲೇ ಇರುತ್ತದೆ, ಅದನ್ನು ಎಸೆಯುವುದಿಲ್ಲ. ಗೇಟಿನ ಕಟ್ಟೆಯನ್ನೂ ನಾನು ಬಿಟ್ಟಿಲ್ಲ. ಹೊಸಬರು ಯಾರಾದರೂ ಮುಂದಿನ ಕಟ್ಟೆ ತೋರಿಸಿದರೆ ಹೇಳುತ್ತೇನೆ: ನನ್ನ ಐದನೆಯ ಎಸೆತ ಇನ್ನೂ ಬಿದ್ದಿಲ್ಲ. ಎಲ್ಲಿ ಬಿತ್ತು ಎಂದು ತೋರಿಸಿ, ಆಮೇಲೆ ಆ ಕಟ್ಟೆಗೆ ಹೋಗುತ್ತೇನೆ.