ಟ್ರಾಕ್ಟರ್ ಆಯಿಲ್ ಕುಡಿದ ಕೆಂಪು ಕಾರು

ಉಬ್ಬಿದ ರಬ್ಬರ್ ಸೀಲು ಕೈಗೆ ಸಿಕ್ಕರೆ ನನಗೆ ಈಗಲೂ ಹೇಸಿಗೆ. ನೆನೆದ ಹುಣಸೆಹಣ್ಣಿನ ಹಾಗೆ ಮೆತ್ತಗಾಗಿ ಬೆರಳಿಗೆ ಅಂಟಿಕೊಳ್ಳುತ್ತದೆ. ಗಂಗಾವತಿಯಲ್ಲಿ ಗ್ಯಾರೇಜ್ ಇಟ್ಟಾಗಿನಿಂದ ಅಂಥವನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಅಕ್ಕಿ ಮಿಲ್ಲಿನ ಸಾವ್ಕಾರರ ಸ್ಪೋರ್ಟ್ಸ್ ಕಾರಿನದು ಮಾತ್ರ ಇನ್ನೂ ಮರೆತಿಲ್ಲ.

ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಕೆಂಪು ಕಾರು. ಸಾವ್ಕಾರರು ಅದನ್ನು ಹೊರಗೆ ತೆಗೆಯುತ್ತಿದ್ದುದು ಮದುವೆ ಮುಂಜಿಗೆ, ನಾಲ್ಕು ಜನ ನೋಡಲಿ ಎಂದು. ತೊಳೆಯುವುದು, ಒರೆಸುವುದು, ಗ್ಯಾರೇಜಿಗೆ ತರುವುದು ಎಲ್ಲ ಡ್ರೈವರನ ಪಾಲು. ಮಿಲ್ಲಿನ ಕಾಂಪೌಂಡಿನಲ್ಲೇ ಅವನ ಸಂಸಾರ. ಕೆಲಸ ಹೋದರೆ ಮನೆಯೂ ಹೋದಂತೆ.

ಕುಕನೂರಿನ ಒಂದು ಮದುವೆಯ ಹಂದರದ ಮುಂದೆ ಕೆಳಗೆ ಹೋದ ಕ್ಲಚ್ ಪೆಡಲ್ ಮೇಲೆ ಬರಲಿಲ್ಲ. ಬೀಗರೆಲ್ಲ ನಗುತ್ತ ತಳ್ಳಿದರಂತೆ. ಕಾರು ಲಾರಿ ಹತ್ತಿ ನನ್ನಲ್ಲಿಗೆ ಬಂತು. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಬಿಚ್ಚಿದೆ, ಗೇರ್‌ಬಾಕ್ಸಿನ ಹತ್ತಿರದ ಸಣ್ಣ ಸಿಲಿಂಡರನ್ನೂ ಬಿಚ್ಚಿದೆ. ಎರಡರಲ್ಲೂ ಸೀಲು ಉಬ್ಬಿ ಹೋಗಿತ್ತು. ಕ್ಲಚ್ಚಿಗೂ ಹಾಕುವುದು ಬ್ರೇಕ್ ಆಯಿಲ್ಲೇ; ಅದು ಇರಬೇಕಾದಲ್ಲಿ ರಬ್ಬರನ್ನು ಉಬ್ಬಿಸುವ ಟ್ರಾಕ್ಟರಿನ ಆಯಿಲ್ ಬಿದ್ದಿತ್ತು.

"ಯಾವ ದಡ್ಡ ಹಾಕ್ಯಾನ ಇದನ್ನ?" ಎಂದೆ. ಸಾವ್ಕಾರರ ಮುಂದೆ ಜಾಣತನ ತೋರಿಸುವ ಚಪಲ ನನಗೆ.

"ಅಣ್ಣಾರ, ನಾ ಆಯಿಲ್ ಡಬ್ಬಿ ಮುಚ್ಚಳಾನೂ ತಗದಿಲ್ರಿ," ಎಂದ ಡ್ರೈವರ್.

"ಮತ್ತ ತಾನ ಬಂದು ಬಿತ್ತೇನು?" ಎಂದು ನಾನೇ ಗದರಿದೆ. ಸಾವ್ಕಾರರಿಗೆ ಅಷ್ಟು ಸಾಕಾಯಿತು. ನಾಳೆಯೊಳಗೆ ಮನೆ ಖಾಲಿ ಮಾಡು ಎಂದು ಅಲ್ಲೇ ಹೇಳಿದರು.

ಮರುದಿನ ಎರಡೂ ಸಿಲಿಂಡರ್ ಹೊಸವು ಕೂರಿಸಿ, ಪೈಪು ಬದಲಿಸಿ, ಹಲಗೆ ಮೇಲಿನ ಬ್ರೇಕ್ ಆಯಿಲ್ ಬಾಟಲಿ ಕೈಗೆತ್ತಿಕೊಂಡೆ. ಮುಚ್ಚಳ ತೆಗೆದೊಡನೆ ಬೇರೆಯೇ ವಾಸನೆ ಬಂತು. ಖಾಲಿ ಬಾಟಲಿ ಎಸೆಯಲು ಮನಸ್ಸು ಬಾರದೆ ನಾನೇ ಯಾವಾಗಲೋ ಅದರಲ್ಲಿ ಟ್ರಾಕ್ಟರ್ ಆಯಿಲ್ ತುಂಬಿಟ್ಟಿದ್ದೆ. ಎರಡು ವಾರದ ಹಿಂದೆ, ಪೆಡಲ್ ಮೆತ್ತಗಾಗಿದೆ ಎಂದು ಡ್ರೈವರ್ ಕಾರು ಬಿಟ್ಟು ಚಹಾ ಕುಡಿಯಲು ಹೋದಾಗ, ಮೊಬೈಲಿನಲ್ಲಿ ಹರಟುತ್ತಲೇ ಅದೇ ಬಾಟಲಿಯಿಂದ ಕ್ಲಚ್ಚಿನ ಆಯಿಲ್ ಡಬ್ಬಿಗೆ ಸುರಿದಿದ್ದೆ.

ಓಡಿಹೋಗಿ ಹೇಳಬಹುದಿತ್ತು. ಅವನಿನ್ನೂ ಪಾತ್ರೆ ಪಗಡ ಕಟ್ಟುತ್ತಿದ್ದ. ನಾನು ಬಾಟಲಿಯನ್ನು ಗಟಾರಕ್ಕೆ ಬಗ್ಗಿಸಿ ಹೊಸದೊಂದನ್ನು ಒಡೆದೆ. ಸಂಜೆ ಸಾವ್ಕಾರರು ಪೆಡಲ್ ಒತ್ತಿ, "ಕೈ ಅಂದ್ರ ನಿಂದು ನೋಡಪಾ, ಭಾಳ ಛಲೋ ಆಗೈತಿ," ಎಂದರು. ಹಲ್ಲು ಕಿರಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಡ್ರೈವರ್ ಹೆಂಡತಿಯ ತವರು ಹುಲಿಹೈದರಕ್ಕೆ ಹೋದ. ಮೊನ್ನೆ ಯಾರದೋ ಗೂಡ್ಸ್ ಗಾಡಿ ತಂದು ನಿಲ್ಲಿಸಿದ. ಅದಕ್ಕೂ ಕ್ಲಚ್ಚಿನದೇ ರೋಗ. ಆಯಿಲ್ ಡಬ್ಬಿಯ ಮುಚ್ಚಳ ತೆಗೆ ಎಂದರೆ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ ಅಣ್ಣಾರ, ನೀವ ತಗೀರಿ. ಅವತ್ತು ನಾನ ಏನರ ಹಾಕಿರಬೇಕು, ನೆಪ್ಪಿಲ್ಲ ನೋಡ್ರಿ. ನಿಮ್ಮಂಥವ್ರು ಸುಳ್ಳು ಹೇಳ್ತಾರೇನ್ರಿ?"

"ಇರ್ಲಿ ಬಿಡು," ಎಂದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ಹಾಗೆ.