ಹತ್ತೊಂಬತ್ತನೇ ನಂಬರಿನವನ ಉಪವಾಸ

ಫ್ರೂಮಾ ಜೆಲ್ಕಿನ್ ಯಾವ ಬಟ್ಟೆ ಬಂದರೂ ಮೊದಲು ಅದರ ಒಳಮೈ ಹೊರಗೆ ಮಾಡಿ ನೋಡುತ್ತಿದ್ದಳು. ಹೊರಗಿನ ಹೊಲಿಗೆಯನ್ನು ಯಾರು ಬೇಕಾದರೂ ಚೆಂದ ಮಾಡುತ್ತಾರೆ, ಒಳಗೆ ಗಂಟು ಹೇಗೆ ಹಾಕಿದ್ದಾರೆ ಎಂದು ನೋಡಬೇಕು ಎನ್ನುತ್ತಿದ್ದಳು. ಮನುಷ್ಯರ ವಿಷಯದಲ್ಲೂ ಆಕೆಯ ಪದ್ಧತಿ ಅದೇ. ಅಂಗಡಿಯಿಂದ ತಂದ ಹಾಲನ್ನು ಮೂಸದೆ ಒಳಗಿಡುತ್ತಿರಲಿಲ್ಲ. ರಕ್ತದೊತ್ತಡ ಸರಿಯಾಗಿದೆ ಎಂದು ಡಾಕ್ಟರು ಹೇಳಿದರೆ, ಸರಿಯಾಗಿದ್ದರೆ ಮುಂದಿನ ತಿಂಗಳು ಮತ್ತೆ ಬಾ ಎಂದದ್ದೇಕೆ ಎಂದು ವಾರವಿಡೀ ಯೋಚಿಸುತ್ತಿದ್ದಳು. ಯಾರಾದರೂ ಕಾರಣವಿಲ್ಲದೆ ನಕ್ಕರೆ ಆಕೆ ತನ್ನ ಕೈಚೀಲವನ್ನು ಇನ್ನೊಂದು ತೋಳಿಗೆ ಬದಲಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮ ಊರು ಹಾರ್ಲನ್ನಿನ ಕಾಲುವೆ ಬೀದಿಯಲ್ಲಿ ಆಕೆಯ ಹೊಲಿಗೆ ಅಂಗಡಿ. ರೇಷ್ಮೆ ಮಿಲ್ಲು ನಡೆಯುತ್ತಿದ್ದ ಕಾಲದಲ್ಲಿ ಆಕೆಯ ತಂದೆ ಅಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಮಿಲ್ಲು ಮುಚ್ಚಿತು, ಊರಿನ ಬೇಸ್‌ಬಾಲ್ ತಂಡಕ್ಕೆ ಮಾತ್ರ ವೀವರ್ಸ್, ನೇಕಾರರು, ಎಂಬ ಹೆಸರು ಉಳಿಯಿತು. ಆ ತಂಡದ ಅಂಗಿಗಳ ಬೆನ್ನಿಗೆ ನಂಬರು ಹೊಲಿಯುವ ಕೆಲಸ ಮೂವತ್ತು ವರ್ಷಗಳಿಂದ ಫ್ರೂಮಾಳದು. ಮೊದಲು ಬಟ್ಟೆ ಕತ್ತರಿಸುವುದು ಗಂಡ ಸೊಲ್, ಹೊಲಿಯುವುದು ಇವಳು. ಸೊಲ್ ಹೋಗಿ ಹನ್ನೊಂದು ವರ್ಷವಾಯಿತು. ಈಗ ಎರಡೂ ಇವಳೇ.

ಆ ಸೆಪ್ಟೆಂಬರಿನಲ್ಲಿ ವೀವರ್ಸ್ ಇಪ್ಪತ್ತೆರಡು ವರ್ಷಗಳ ಮೇಲೆ ಪ್ಲೇಆಫ್ ಮುಟ್ಟಿತ್ತು. ಎದುರಿಗೆ ಪಕ್ಕದ ಕಣಿವೆಯ ಲೀಮನ್ ಊರಿನವರು. ಮೂರು ಆಟಗಳಲ್ಲಿ ಒಂದು ಗೆದ್ದು ಒಂದು ಸೋತಾಗಿತ್ತು. ಕೊನೆಯದು ಶನಿವಾರ ಮಧ್ಯಾಹ್ನ ಒಂದೂವರೆಗೆ. ಆ ಶನಿವಾರವೇ ನಮ್ಮ ಯೆಹೂದಿಗಳ ಯೋಮ್ ಕಿಪ್ಪುರ್. ಅನ್ನವಿಲ್ಲ, ನೀರಿಲ್ಲ, ಕೆಲಸವಿಲ್ಲ. ನಮ್ಮ ಪ್ರಾರ್ಥನಾ ಮಂದಿರದಲ್ಲಿ, ಅಂದರೆ ಶೂಲ್‌ನಲ್ಲಿ, ಹಗಲೆಲ್ಲ ಕೂತು ಕ್ಷಮೆ ಬೇಡುವ ದಿನ. ತಂಡದ ಅತ್ಯುತ್ತಮ ಪಿಚರ್, ಎಡಗೈಯಲ್ಲಿ ಚೆಂಡೆಸೆಯುವ ಹತ್ತೊಂಬತ್ತನೇ ನಂಬರಿನ ಜೋಯೆಲ್ ಲಾಸ್ಕರ್, ಅಂದು ನಾನು ಆಡುವುದಿಲ್ಲ, ಶೂಲ್‌ಗೆ ಹೋಗಬೇಕು ಎಂದುಬಿಟ್ಟ.

ಬುಧವಾರ ತಂಡದ ಮ್ಯಾನೇಜರ್ ಕಾರ್ಮೈನ್ ಸ್ಕಾರ್ಪಾ ಅಂಗಡಿಗೆ ಬಂದ. ಅವನದು ಟೈರಿನ ವ್ಯಾಪಾರ. ಮಾತಾಡುವಾಗಲೂ ಯಾವುದೋ ಚಕ್ರ ತಿರುಗಿಸುವಂತೆ ಕೈ ಆಡಿಸುತ್ತಾನೆ.

"ಮಿಸೆಸ್ ಜೆಲ್ಕಿನ್, ಒಂದು ಮಾತು ಕೇಳ್ತೀನಿ. ಆ ಹುಡುಗ ನಿಮ್ಮ ಶೂಲ್‌ಗೆ ಬರ್ತಾನಾ?"

"ಯಾವ ಹುಡುಗ?"

"ನಾಟಕ ಬೇಡ. ಊರಿಡೀ ಈಗ ಒಬ್ಬನ ಬಗ್ಗೆ ತಾನೆ ಮಾತಾಡ್ತಿರೋದು."

ಫ್ರೂಮಾ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದಳು. "ಎರಡು ಬೇಸಿಗೆ ಆಯ್ತು ಅವನು ಈ ಊರಿಗೆ ಬಂದು. ನಮ್ಮ ಬಾಗಿಲಿಗೆ ಅವನ ನೆರಳೂ ಬಿದ್ದಿಲ್ಲ."

"ಹಬ್ಬದ ದಿನಾನೂ?"

"ನಾವು ಮುಟ್ಟಬಾರದ ಹಂದಿ ಸಾಸೇಜು ಮೈದಾನದಲ್ಲಿ ತಿಂತಾನೆ. ಅಂಗಿ ಮೇಲಿನ ಸಾಸಿವೆ ಕಲೆ ತೆಗೆದಿದ್ದು ಈ ಕೈ."

ಕಾರ್ಮೈನ್ ಕುರ್ಚಿ ಎಳೆದು ಹತ್ತಿರ ಬಂದ. "ಗುಡ್ ಫ್ರೈಡೇ ದಿನ ನಾನೂ ಅಂಗಡಿ ತೆಗೆಯಲ್ಲ. ದೇವರ ದಿನ ಅಂದ್ರೆ ನನ್ನ ತಕರಾರಿಲ್ಲ. ಆದ್ರೆ ಅದೇ ಶನಿವಾರ ಕೆಳಗಿನ ಪಟ್ಟಣದಲ್ಲಿ ಯಾವುದೋ ದೊಡ್ಡ ಕ್ಲಬ್ಬಿನವರು ಬಂದು ಎಡಗೈ ಹುಡುಗರನ್ನ ನೋಡ್ತಾರಂತೆ. ಇವನು ನಮಗೆ ದೇವರ ಹೆಸರು ಹೇಳಿ ಅಲ್ಲಿಗೆ ಹೋದ್ರೆ?"

"ನಿನಗ್ಯಾರು ಹೇಳಿದ್ದು?"

"ನಮ್ಮ ಕ್ಯಾಚರ್‌ನ ಭಾವಮೈದ."

"ಭಾವಮೈದ!" ಎಂದಳು ಫ್ರೂಮಾ. ಆದರೆ ಸೂಜಿಗೆ ದಾರ ಪೋಣಿಸಲು ಆಕೆಗೆ ಮೂರು ಸಲ ಬೇಕಾಯಿತು.

"ಅವನು ಶೂಲ್‌ನಲ್ಲಿ ಕೂತಿದ್ರೆ ಸರಿ, ನಾನು ಬಾಯಿ ಮುಚ್ಕೋತೀನಿ. ಇಲ್ಲ ಅಂದ್ರೆ ಅಂಗಿ ಬಿಚ್ಚಿಟ್ಟು ಹೋಗ್ಲಿ. ಈ ಲೀಗಿನ ಯಾವ ಊರಿನವರೂ ಅವನನ್ನ ತಗೊಳ್ಳದ ಹಾಗೆ ಮಾಡ್ತೀನಿ. ಹನ್ನೆರಡೂವರೆಗೆ ಮೈದಾನಕ್ಕೆ ಹೋಗ್ತಾ ನಿಮ್ಮ ಮೆಟ್ಟಿಲ ಮುಂದೆ ಕಾರು ನಿಧಾನ ಮಾಡ್ತೀನಿ. ಹೌದು ಅಥವಾ ಇಲ್ಲ, ಅಷ್ಟೇ ಸಾಕು."

"ನನ್ನನ್ನ ಗೂಢಚಾರಿ ಮಾಡ್ತೀಯಾ? ಅದೂ ಆ ದಿನ?"

"ನಿಮಗೆ ಹೊಸದಾಗಿ ಕಲಿಸೋದೇನಿದೆ?" ಎಂದು ಕಾರ್ಮೈನ್ ಎದ್ದು ಹೋದ.

ಮರುದಿನ ಜೋಯೆಲ್ ಬಂದ. ಕಂಕುಳಲ್ಲಿ ಹರಿದ ಅಂಗಿ ಹೊಲಿಸಬೇಕಿತ್ತು. ಉದ್ದನೆಯ, ಮೃದು ಮಾತಿನ ಹುಡುಗ. ಎರಡು ಮಾತಿಗೊಮ್ಮೆ "ನಮ್ಮಪ್ಪ ಹೇಳ್ತಾರೆ" ಎನ್ನುವುದು ಅವನ ರೂಢಿ. ಚೆಂಡು ಹಿಡಿಯುವುದು ಹೀಗೆ ಅಂತ ನಮ್ಮಪ್ಪ ಹೇಳ್ತಾರೆ, ಸೋತ ದಿನ ಬೇಗ ಮಲಗಬೇಕು ಅಂತ ನಮ್ಮಪ್ಪ ಹೇಳ್ತಾರೆ. ಜುಲೈನಲ್ಲಿ ಒಮ್ಮೆ ಊರಿಗೆ ಹೋದವನು ಐದು ದಿನ ಬರಲಿಲ್ಲ. ಕಾರು ಕೆಟ್ಟಿತ್ತು ಎಂದ. ಐದು ದಿನ ಕೆಡುವ ಕಾರು ಯಾವುದಪ್ಪ ಎಂದು ಫ್ರೂಮಾ ಆಗಲೇ ಕೇಳಿದ್ದಳು.

"ಶನಿವಾರ ಉಪವಾಸವೇನಪ್ಪ?"

"ಹೌದು, ಮಿಸೆಸ್ ಜೆಲ್ಕಿನ್."

"ನೀರೂ ಇಲ್ಲ, ಗೊತ್ತು ತಾನೆ? ಸಾಸೇಜಂತೂ ಇಲ್ಲವೇ ಇಲ್ಲ."

ಅವನು ನಕ್ಕ. "ಗೊತ್ತು."

"ಹೋದ ವರ್ಷ ಈ ದಿನ ಎಲ್ಲಿದ್ದೆ?"

"ಮಲಗಿದ್ದೆ ಅನ್ಸುತ್ತೆ."

"ದೇವರು ಈ ವರ್ಷವೇ ಯಾಕೆ ನೆನಪಾದ?"

ಅವನು ಕಿಟಕಿಯಾಚೆ ಕಾಲುವೆಯ ನೀರನ್ನು ನೋಡುತ್ತ ನಿಂತ. "ಭುಜದ ಹತ್ತಿರ ಒಂಚೂರು ಸಡಿಲ ಬಿಡ್ತೀರಾ? ಎಸೆಯುವಾಗ ಎಳೆಯುತ್ತೆ."

"ಎಸೆಯೋಲ್ಲ ಅಂದ್ಯಲ್ಲ."

"ಶನಿವಾರದ ಆಚೆಗೂ ದಿನಗಳಿದಾವಲ್ಲ."

ಅವನು ಹೋದ ಮೇಲೆ ಆಕೆ ಆ ಮಾತನ್ನು ತಿರುವಿ ತಿರುವಿ ನೋಡಿದಳು. ಶನಿವಾರದ ಆಚೆಗೆ ವೀವರ್ಸ್ ಆಟವಿರುವುದು ಗೆದ್ದರೆ ಮಾತ್ರ. ಇವನಿಲ್ಲದೆ ಗೆಲ್ಲುವುದು ಕಷ್ಟ. ಹಾಗಾದರೆ ಇವನು ಯಾರಿಗಾಗಿ ಎಸೆಯುವವನು?

ಶುಕ್ರವಾರ ಸಂಜೆಯ ಪ್ರಾರ್ಥನೆಗೆ ಜೋಯೆಲ್ ತಡವಾಗಿ ಬಂದು ಗಂಡಸರ ಕಡೆಯ ಕೊನೆಯ ಬೆಂಚಿನಲ್ಲಿ, ಹಿತ್ತಿಲಿಗೂ ದಾರಿಯಿರುವ ಅಡುಗೆಮನೆಯ ಬಾಗಿಲ ಪಕ್ಕ ಕೂತ. ಹೆಂಗಸರ ಕಡೆಯಿಂದ ನಡುವಿನ ತೆರೆಯ ಸಂದಿನಲ್ಲಿ ಫ್ರೂಮಾ ನೋಡಿದಳು. ಎದ್ದು ಹೋಗಲು ಅದಕ್ಕಿಂತ ಅನುಕೂಲವಾದ ಜಾಗ ಇಡೀ ಶೂಲ್‌ನಲ್ಲಿ ಇರಲಿಲ್ಲ.

ಶನಿವಾರ ಬೆಳಿಗ್ಗೆಯೂ ಅಲ್ಲೇ ಕೂತ. ಕಾಲಲ್ಲಿ ಕ್ಯಾನ್ವಾಸ್ ಶೂ. ಓಡುವವರು ಹಾಕುವ ಶೂ, ಎಂದುಕೊಂಡಳು. ಅಂದು ಚರ್ಮದ ಪಾದರಕ್ಷೆ ಹಾಕುವಂತಿಲ್ಲ ಎಂಬುದು ಆಕೆಗೆ ಗೊತ್ತಿಲ್ಲದ್ದಲ್ಲ. ಆಕೆಯ ಕಾಲಲ್ಲೇ ಬಟ್ಟೆಯ ಚಪ್ಪಲಿ ಇತ್ತು. ಶೂಲ್‌ನ ಉಸ್ತುವಾರಿ ನೋಡುವ ಮುದುಕ ಹರ್ಷೆಲ್ ಪಿನ್ಸ್ಕಿ ಸ್ನಾನದ ಮನೆಯ ಚಪ್ಪಲಿಯಲ್ಲಿ ಓಡಾಡುತ್ತಿದ್ದ. ಆದರೂ ಇಷ್ಟು ಜನರ ಕಾಲುಗಳಲ್ಲಿ ಆ ಎರಡು ಕಾಲು ಮಾತ್ರ ಆಕೆಗೆ ಓಡಲು ಸಿದ್ಧವಾಗಿರುವಂತೆ ಕಂಡವು.

ಹನ್ನೆರಡು ಕಳೆದಿತ್ತು. ಹರ್ಷೆಲ್ ಮೇಜಿನ ಮೇಲೆ ಅಂಗೈ ಬಡಿದ. "ಯಿಜ್ಕೋರ್! ತಂದೆ ತಾಯಿ ಇಬ್ಬರೂ ಇರೋರು ಹೊರಗೆ ಹೋಗಿ."

ಯಿಜ್ಕೋರ್ ತೀರಿಹೋದವರ ಹೆಸರು ಹೇಳಿ ಮಾಡುವ ಪ್ರಾರ್ಥನೆ. ಹೆತ್ತವರು ಇರುವವರು ಆಗ ಒಳಗಿರಬಾರದು ಎಂದು ನಮ್ಮ ಹಿರಿಯರು ಹೆದರುತ್ತಾರೆ. ಅದಕ್ಕೇ ಪ್ರತಿ ಸಲ ಎಳೆಯರೆಲ್ಲ ಎದ್ದು ಹೊರಗೆ ಹೋಗುತ್ತಾರೆ, ನರೆತವರು ಉಳಿಯುತ್ತಾರೆ. ಹನ್ನೊಂದು ವರ್ಷದಿಂದ ಫ್ರೂಮಾ ಉಳಿದು ಸೊಲ್‌ನ ಹೆಸರು ಹೇಳುತ್ತಿದ್ದಳು. ಈ ಸಲ ಆಕೆಗೆ ಹೊಳೆದದ್ದು ಬೇರೆ. ಎಲ್ಲರ ನಡುವೆ ಜೋಯೆಲ್ ಹೊರಗೆ ಬರುತ್ತಾನೆ, ಯಾರೂ ಗಮನಿಸುವುದಿಲ್ಲ, ತಿರುಗಿ ಒಳಗೆ ಬರುವುದಿಲ್ಲ. ತಪ್ಪಿಸಿಕೊಳ್ಳಲು ಇದೇ ಹೊತ್ತು.

ಆಕೆ ಎಲ್ಲರಿಗಿಂತ ಮುಂಚೆ ಎದ್ದಳು. ಅವನ ಮುಖ ನೋಡಿ ಹಿಂತಿರುಗಿದರಾಯಿತು, ಸೊಲ್ ಎರಡು ನಿಮಿಷ ಕಾಯುತ್ತಾನೆ ಎಂದುಕೊಂಡು ಮೆಟ್ಟಿಲ ಕೆಳಗೆ ಹೋಗಿ ನಿಂತಳು.

ಫಿಶ್‌ಬೈನರ ಅವಳಿ ಹೆಣ್ಣುಮಕ್ಕಳು ಬಂದರು. ಹಲ್ಲಿನ ಡಾಕ್ಟರ ಸೊಸೆ ಕೂಸನ್ನು ಎತ್ತಿಕೊಂಡು ಬಂದಳು. ಕಾಲೇಜಿನ ಇಬ್ಬರು ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ ಬಂದರು. ಜೋಯೆಲ್ ಬರಲಿಲ್ಲ. ಅಡುಗೆಮನೆ! ಆಕೆ ಗೋಡೆ ಸುತ್ತಿ ಹಿತ್ತಿಲಿಗೆ ನಡೆದಳು. ಹಿತ್ತಿಲ ಗೇಟು ತೆರೆದು ಗಾಳಿಗೆ ಅಲ್ಲಾಡುತ್ತಿತ್ತು. ಯಾವಾಗಲೂ ತೆರೆದೇ ಇರುವ ಗೇಟು ಅದು; ಅಂದು ಯಾರೋ ಈಗ ತಾನೇ ತೆರೆದಂತೆ ಕಂಡಿತು. ಮತ್ತೆ ಮುಂದಕ್ಕೆ ಬರುವಷ್ಟರಲ್ಲಿ ಹರ್ಷೆಲ್ ಒಳಗಿನಿಂದ ಚಿಲಕ ಹಾಕಿದ್ದ. ಮಕ್ಕಳು ನುಗ್ಗದಿರಲಿ ಎಂದು ಅವನು ಹಾಗೆ ಮಾಡುತ್ತಾನೆ. ಬಾಗಿಲಾಚೆ ಹಲವು ದನಿಗಳು ಒಂದರ ಮೇಲೊಂದು ಬಿದ್ದು, ಯಾವ ಹೆಸರೂ ಬಿಡಿಯಾಗಿ ಕೇಳಲಿಲ್ಲ.

ಕಾರ್ಮೈನ್‌ನ ಕಾರು ಬಂತು. ಗಾಜು ಇಳಿಯಿತು.

"ಏನು?"

"ಹೊರಗೆ ಬಂದವರಲ್ಲಿ ಅವನಿಲ್ಲ. ಹಿತ್ತಿಲ ಗೇಟು ತೆಗೆದಿದೆ."

"ಅಂದ್ರೆ ಓಡಿದ."

ಫ್ರೂಮಾ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಕಾರು ಹೊರಟುಹೋಯಿತು.

ಬಾಗಿಲು ತೆರೆದಾಗ ಕೊನೆಯ ಬೆಂಚಿನಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದಲ್ಲೇ, ಜೋಯೆಲ್ ನಿಂತಿದ್ದ. ಪ್ರಾರ್ಥನೆಯ ಶಾಲನ್ನು ತಲೆಯ ಮೇಲೆ ಎಳೆದುಕೊಂಡಿದ್ದ. ಅದರ ಅಂಚು ಅವನ ಮುಷ್ಟಿಯಲ್ಲಿ ಮುದುಡಿತ್ತು.

"ಎಲ್ಲಿಗೆ ಹೋದೆ, ಫ್ರೂಮಾ?" ಹರ್ಷೆಲ್ ಪಿಸುಗುಟ್ಟಿದ. "ಹೆಂಗಸರ ಕಡೆ ನಿನ್ನ ದನಿಯೇ ಇಲ್ಲ."

"ಆ ಹುಡುಗ..."

"ಅಲ್ಲೇ ಇದ್ದ. ಅಪ್ಪನ ಹೆಸರು ಎಲ್ಲಿ ಸೇರಿಸಿ ಹೇಳ್ಬೇಕು ಅಂತ ನನ್ನ ಹತ್ರ ಪುಟ ಕೇಳಿ ತಿಳ್ಕೊಂಡ. ಜುಲೈನಲ್ಲಿ ತೀರಿಕೊಂಡ್ರಂತೆ, ಪಾಪ. ತಂಡದಲ್ಲಿ ಯಾರಿಗೂ ಹೇಳಿಲ್ಲವಂತೆ, ನೀನೂ ಬಾಯಿ ಬಿಡಬೇಡ."

ಫ್ರೂಮಾ ಹೊರಗೆ ಬರುವವರಲ್ಲಿ ಅವನನ್ನು ಹುಡುಕಿದ್ದಳು, ಉಳಿಯುವವರಲ್ಲಿ ಹುಡುಕಬೇಕೆಂದು ತೋಚಿರಲಿಲ್ಲ. ಹುಡುಕುತ್ತಾ ತನ್ನವನ ಹೆಸರನ್ನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೇಳದೆ ಬಿಟ್ಟಿದ್ದಳು. ಆದರೆ ಅದು ಕಾಯಬಲ್ಲದು. ಕಾರ್ಮೈನ್ ಕಾಯುವವನಲ್ಲ. ಅಂದು ಫೋನು ಮುಟ್ಟುವಂತಿಲ್ಲ, ಕಾರು ಹತ್ತುವಂತಿಲ್ಲ. ಆಕೆ ನಡೆದಳು.

ಮೈದಾನ ಊರ ಕೊನೆಯಲ್ಲಿ, ಏರಿನ ಮೇಲೆ. ಬಟ್ಟೆಯ ಚಪ್ಪಲಿಯೊಳಗೆ ಪ್ರತಿ ಕಲ್ಲೂ ತಿಳಿಯುತ್ತಿತ್ತು. ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ನಡುನಡುವೆ ಯಾರದ್ದಾದರೂ ಬೇಲಿ ಹಿಡಿದು ನಿಂತಳು. ಅರವತ್ತೇಳು ವರ್ಷದ ಹೆಂಗಸು ಆ ದಿನದ ಬಿಳಿ ಉಡುಪಿನಲ್ಲಿ, ತಂಡದವರು ಕೂರುವ ತಗ್ಗಿನ ಡಗೌಟಿನ ಮೆಟ್ಟಿಲು ಇಳಿದಾಗ ಒಂಬತ್ತರಲ್ಲಿ ನಾಲ್ಕನೇ ಇನ್ನಿಂಗ್ಸ್ ನಡೆಯುತ್ತಿತ್ತು, ಲೀಮನ್ ನಾಲ್ಕು, ವೀವರ್ಸ್ ಎರಡು. ಹತ್ತೊಂಬತ್ತನೇ ನಂಬರಿನ ಅಂಗಿ ಗೂಟದಲ್ಲಿರಲಿಲ್ಲ. ಕಾರ್ಮೈನ್‌ನ ಕಾಲ ಬಳಿ ಒಂದು ಕಾಗದದ ಚೀಲದಲ್ಲಿ ತುರುಕಿಟ್ಟಿತ್ತು.

"ಅವನು ಒಳಗಿದ್ದ," ಎಂದಳು.

"ಆಗ ಇಲ್ಲ ಅಂದ್ರಿ."

"ಹೊರಗೆ ಬಂದಿಲ್ಲ ಅಂದೆ. ನಾನು ನಿಂತ ಜಾಗವೇ ತಪ್ಪು."

ಕಾರ್ಮೈನ್ ಮೈದಾನದಿಂದ ಕಣ್ಣು ತೆಗೆಯಲಿಲ್ಲ. "ಎರಡು ಗಂಟೆ ಯೋಚಿಸಿ, ಎಷ್ಟಾದ್ರೂ ನಮ್ಮವನು ಅಂತ ಉಳಿಸೋಕೆ ಬಂದ್ರಾ?"

"ನಮ್ಮವನು ಅಂತ ನಾನು ಈವರೆಗೆ ಯಾರನ್ನ ಉಳಿಸಿದೀನಿ?"

"ಒಳಗೇ ಇದ್ದ ಅನ್ನೋದಕ್ಕೆ ಗುರುತೇನು? ಬೇರೆ ಎಳೆಯರೆಲ್ಲ ಹೊರಗೆ ಬಂದಾಗ ಇವನೊಬ್ಬ ಒಳಗೆ ಯಾಕಿದ್ದ?"

ಉತ್ತರ ಆಕೆಯ ಬಾಯಲ್ಲೇ ಇತ್ತು. ಎರಡು ಪದ ಸಾಕಿತ್ತು. ಆದರೆ ಆ ಎರಡು ಪದ ಆಕೆಯವಲ್ಲ. ಎರಡು ತಿಂಗಳಿಂದ ಅವನು ಹೊತ್ತುಕೊಂಡು, ಇಷ್ಟು ಜನರ ನಡುವೆ ಒಬ್ಬರಿಗೂ ತೋರಿಸದೆ ಇಟ್ಟದ್ದು.

"ಕಾರ್ಮೈನ್, ಮೂವತ್ತು ವರ್ಷದಿಂದ ನಿಮ್ಮ ಬೆನ್ನುಗಳಿಗೆ ನಂಬರು ಹೊಲಿದಿದೀನಿ. ನಾನು ಯಾರ ಬಗ್ಗೆಯಾದ್ರೂ ಒಂದು ಒಳ್ಳೆ ಮಾತು ಆಡಿದ್ದು ಕೇಳಿದೀಯಾ?"

ಬೆಂಚಿನಲ್ಲಿ ಕೂತಿದ್ದವನೊಬ್ಬ ಕಿಸಕ್ಕೆಂದ. "ನನ್ನ ಮದುವೆ ದಿನ ಹುಡುಗೀನ ನೋಡಿ, ಇದು ಎಷ್ಟು ದಿನ ಅಂದಿದ್ರು!"

"ನಾನು ಈ ಕೆಲಸಕ್ಕೆ ಬಂದಾಗ ಟೈರ್ ವ್ಯಾಪಾರ ಮುಳುಗಿತಾ ಅಂತ ಕೇಳಿದ್ರಿ," ಎಂದ ಕಾರ್ಮೈನ್. "ಇಲ್ಲ. ಒಂದೂ ಕೇಳಿಲ್ಲ."

"ಹಾಗಾದ್ರೆ ಇದು ಮೊದಲನೇದು. ಬೆಳಗಿನಿಂದ ಅವನು ಅಲ್ಲೇ ಕೂತಿದಾನೆ. ಒಳ್ಳೆ ಹುಡುಗ."

ಆ ಮಾತು ಹೇಳುವಾಗ ಆಕೆಯ ಮುಖ ಕಹಿ ಔಷಧಿ ನುಂಗಿದಂತಿತ್ತು. ಕಾರ್ಮೈನ್ ಆ ಮುಖವನ್ನೂ, ಹೆಬ್ಬೆರಳ ಬಳಿ ಹರಿದ ಚಪ್ಪಲಿಯನ್ನೂ ನೋಡಿದ. ಬಗ್ಗಿ ಚೀಲದಿಂದ ಅಂಗಿ ತೆಗೆದು, ಒದರಿ, ಗೂಟಕ್ಕೆ ಹಾಕಿದ.

"ಆದ್ರೂ ನಾನು ವಿಚಾರಿಸ್ತೀನಿ."

"ವಿಚಾರಿಸು. ನಾನಾಗಿದ್ರೂ ಬಿಡ್ತಿರಲಿಲ್ಲ."

ಆಕೆ ಶೂಲ್‌ಗೆ ಹಿಂತಿರುಗಿದಾಗ ಮಧ್ಯಾಹ್ನದ ಬಿಡುವು. ಅರ್ಧ ಜನ ಕೂತಲ್ಲೇ ತೂಕಡಿಸುತ್ತಿದ್ದರು. ಜೋಯೆಲ್ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ.

"ಮಿಸೆಸ್ ಜೆಲ್ಕಿನ್, ಕಾಲಿಗೇನಾಯ್ತು?"

"ಮೈದಾನಕ್ಕೆ ಹೋಗಿದ್ದೆ. ಅವರು ನಾಲ್ಕು, ನಾವು ಎರಡು."

ಅವನು ಕಣ್ಣು ಮುಚ್ಚಿ ತೆರೆದ. ಆಕೆ ಕೂರಲಿಲ್ಲ. ನಿಂತೇ ಹೇಳಿದಳು: "ನೀನು ಓಡಿಹೋದೆ ಅಂತ ಕಾರ್ಮೈನ್ ನಂಬೋ ಹಾಗೆ ಮಾಡಿದೆ. ನೀನು ಯಾಕೆ ಒಳಗೆ ಉಳಿದೆ ಅಂತ ಹರ್ಷೆಲ್ ಹೇಳಿದ ಮೇಲೆ ಹೋಗಿ, ನೀನು ಇಲ್ಲೇ ಇದ್ದೆ ಅಂದೆ. ಅರ್ಧ ನಂಬಿದ. ಅಂಗಿ ಗೂಟದಲ್ಲಿದೆ."

"ಅಪ್ಪನ ವಿಷಯ?"

"ಹೇಳಲಿಲ್ಲ."

ಅವನು ಏರಿನ ಕಡೆ ನೋಡುತ್ತ ಹೇಳಿದ: "ಹೇಳಿದ್ರೆ ನಾನು ತಂಡದವರ ನಡುವೆ ಕಾಲಿಟ್ಟಾಗ ಎಲ್ಲರ ನಗು ನಿಲ್ಲುತ್ತೆ. ಅದು ಬೇಡ ಅನ್ನಿಸ್ತು. ಅಲ್ಲಾದ್ರೂ ಅಪ್ಪ ಇನ್ನೂ ಮಾತಾಡ್ತಾ ಇರ್ಲಿ ಅಂತ."

"ನನ್ನನ್ನ ಕ್ಷಮಿಸ್ತೀಯಾ?"

"ನನ್ನ ಜಾಗದಲ್ಲಿ ಬೇರೆ ಯಾರೇ ಇದ್ದಿದ್ರೂ ಹೀಗೇ ಮಾಡ್ತಿದ್ರಾ?"

ಫ್ರೂಮಾ ಯೋಚಿಸಿದಳು. ಅಂದು ಸುಳ್ಳಾಡುವಂತಿರಲಿಲ್ಲ. "ಮಾಡ್ತಿದ್ದೆ."

"ಹಾಗಾದ್ರೆ ಪರವಾಗಿಲ್ಲ," ಎಂದು ಅವನು ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಆಕೆ ಕೂತು ಪುಸ್ತಕ ತೆರೆದು ಸೊಲ್‌ನ ಹೆಸರನ್ನು ಮೆಲ್ಲಗೆ ಹೇಳಿದಳು. ಹೇಳಿ ಮುಗಿಯುವವರೆಗೆ ಜೋಯೆಲ್ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಏರಿನ ಕಡೆಯಿಂದ ಕಾರುಗಳು ಒಂದೊಂದಾಗಿ ಇಳಿದು ಬಂದವು. ಯಾವುದೂ ಹಾರ್ನ್ ಮಾಡಲಿಲ್ಲ.

"ಸೋತರು," ಎಂದ ಜೋಯೆಲ್.

"ನೀನು ಕಣ್ಣಾರೆ ನೋಡಿದೆಯಾ?" ಎಂದಳು ಫ್ರೂಮಾ.