ಹೆಗಲ ಮೇಲೆ ಬಂದ ಗಿಡ್ಡ ಮಂಚ

ಕಟ್ಟಿಗೆಯ ಸಾಮಾನು ಯಾವುದೇ ಇರಲಿ, ಬೆರಳಿನ ಗೆಣ್ಣಿನಿಂದ ಬಡಿದು ನೋಡದೆ ನಾನು ಕೊಂಡವಳಲ್ಲ. ಅಂಗಡಿಯವನು ನಕ್ಕರೆ ಇನ್ನೂ ಜೋರಾಗಿ ಬಡಿಯುತ್ತಿದ್ದೆ. ನಗುವವನ ಮಾಲಿನಲ್ಲಿ ಏನೋ ಹುಳುಕಿದ್ದೇ ಇರುತ್ತದೆಂದು ನನ್ನ ಗುಮಾನಿ.

ಎಂಬತ್ತರ ದಶಕದ ಕೊನೆಯ ಮಾತು. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಜ್ವರ ಬಂದು ಹೋದ ಮೇಲೆ ಅವಳ ಎಡಗಾಲು ಸೊರಗಿತ್ತು. ಹಾಸಿಗೆ ಕುಸಿಯುವಂಥದ್ದು ಬೇಡ, ಮಗು ತಾನೇ ಹತ್ತಿ ಇಳಿಯುವಷ್ಟು ಗಿಡ್ಡ ಮಂಚ ಮಾಡಿಸಿ, ನೀವೇ ಎತ್ತಿ ಮಲಗಿಸುತ್ತಾ ಹೋದರೆ ಆ ಕಾಲಿಗೆ ಬಲ ಬರುವುದಿಲ್ಲ ಎಂದು ಮಿರಜಿನ ಡಾಕ್ಟರು ಹೇಳಿದ್ದರು.

ನೆಲದ ಮೇಲೆ ಮಲಗಿಸಬಹುದಿತ್ತಲ್ಲ ಎನ್ನಬೇಡಿ. ಅಂಕಲಿಯ ನಮ್ಮ ಮನೆಯ ಹಿತ್ತಲಿಗೆ ಕಬ್ಬಿನ ಹೊಲ ಹತ್ತಿಕೊಂಡಿತ್ತು, ಮನೆಯೊಳಗೆ ಚೇಳು ಬರುತ್ತಿದ್ದವು. ನಮ್ಮದು ಜೈನರ ಮನೆ, ಕೊಲ್ಲುವಂತಿಲ್ಲ. ಅತ್ತೆ ಇಕ್ಕಳದಲ್ಲಿ ಹಿಡಿದು, ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಕಬ್ಬಿನೊಳಗೆ ಬಿಟ್ಟು ಬರುತ್ತಿದ್ದರು. ಅದೇ ಚೇಳು ತಿರುಗಿ ಬರುತ್ತದೆಂದು ನನಗೆ ಬಲವಾದ ಸಂಶಯವಿತ್ತು.

ಚಿಕ್ಕೋಡಿ, ನಿಪ್ಪಾಣಿ ಎರಡೂ ಕಡೆ ಅಂಗಡಿ ತಿರುಗಿದೆ. ಎಲ್ಲ ಮಂಚಗಳೂ ಎತ್ತರ. ಕೆಳಗೆ ಜೋಳದ ಚೀಲ, ಟ್ರಂಕು ತೂರಿಸಬೇಕಲ್ಲ! ನವಾರದ ಪಟ್ಟಿ ಹೆಣೆದ ಗಿಡ್ಡ ಮಂಚವೊಂದು ಸಿಕ್ಕಿತು, ಕೂತರೆ ಜೋಳಿಗೆಯಂತೆ ಇಳಿಯಿತು. ಇನ್ನೊಬ್ಬ ಪ್ಲೈವುಡ್ ಹಾಕಿದ್ದು ತೋರಿಸಿ, "ಗಾದಿ ಹಾಸಿದ ಮ್ಯಾಲ ಒಳಗಿಂದು ಯಾರಿಗ್ ಕಾಣತೈತ್ರಿ ಅಕ್ಕಾರ?" ಅಂದ. ನಾನು ನೋಡಲು ಹೋದದ್ದೇ ಆ ಕಾಣದ ಒಳಗಿನದನ್ನು. ಅಂಚನ್ನು ಉಗುರಿನಿಂದ ಕೆರೆದೆ, ಪದರು ಎದ್ದಿತು. ನಾನೂ ಎದ್ದು ಬಂದೆ.

ಕೊನೆಗೆ ನನ್ನ ತವರೂರು ಕಾಗವಾಡದ ಬಡಿಗನಿಗೆ ಹೇಳಿದೆ. ಅಪ್ಪನ ಮನೆಯ ಬಾಗಿಲುಗಳನ್ನು ಮಾಡಿದವನು ಅವನೇ. ಅವನ ಮೇಲೂ ನನಗೆ ಪೂರ್ತಿ ನಂಬಿಕೆಯಿರಲಿಲ್ಲ. ಸಾಗವಾನಿ ಎಂದು ಹೇಳಿ ಬೇವು ಹಾಕಬೇಡ ಎಂದು ಎದುರಿಗೇ ಅಂದೆ.

"ಬೇವೂ ಗಟ್ಟೀನ ಇರತೈತಿ, ತಂಗಿ" ಅಂದ. ಇದ್ದ ಸಂಶಯ ಅವನ ಆ ಮಾತಿನಿಂದ ಇಮ್ಮಡಿಯಾಯಿತು.

ಅಳತೆ ಕೊಡಬೇಕಿತ್ತು. ಮಗಳನ್ನು ಮಲಗಿಸಿ ದಾರ ಹಿಡಿದೆ. ಅತ್ತೆ ಓಡಿ ಬಂದು ದಾರ ಕಿತ್ತುಕೊಂಡರು.

"ಮಲಗಿದವರನ್ನ ಅಳಿಯೂದು ಸತ್ತಾಗಷ್ಟ. ಬುದ್ಧಿ ಐತೇನ ನಿನಗ?"

ನಿಲ್ಲಿಸಿ ಅಳೆದೆ. ಮಂಚದ ಎತ್ತರ ಅವಳ ಮೊಣಕಾಲಿನಷ್ಟು, ಗಟ್ಟಿ ಚೌಕಟ್ಟು, ಗಾದಿ ಹೊರಲು ಒತ್ತೊತ್ತಾಗಿ ಅಡ್ಡಪಟ್ಟಿ, ಪಟ್ಟಿಗಳು ಬಾಗದಂತೆ ನಡುವೆ ಒಂದು ತೊಲೆ.

ಮಂಚ ಬಂದ ದಿನ ಅತ್ತೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಬಸ್ಸಿನ ಮೇಲೆ ಹಾಕಿದರೆ ಕಾಲು ಮುರಿದಾವೆಂದು ಬಡಿಗ ಅವುಗಳನ್ನು ಬಿಚ್ಚಿ ಚೀಲದಲ್ಲಿ ಇಟ್ಟುಕೊಂಡಿದ್ದ. ಉಳಿದ ಚೌಕಟ್ಟನ್ನು, ಅಡ್ಡಪಟ್ಟಿಗಳ ಸಮೇತ, ಅವನೂ ಅವನ ತಮ್ಮನೂ ಹೆಗಲ ಮೇಲೆ ಹೊತ್ತುಕೊಂಡು ಓಣಿಯಲ್ಲಿ ನಡೆದು ಬಂದರು. ಥೇಟ್ ಹೆಣ ಹೊರುವ ಸಿದಗಿ. ನನ್ನ ಮಾವ ತೀರಿಕೊಂಡದ್ದು ಅದೇ ಬೇಸಿಗೆಯಲ್ಲಿ.

"ಅಯ್ಯ ನಿಮ್ಮ! ಸಿದಗಿ ತಂದಾಂಗ ತರ್ತೀರೇನೋ ಮನೀಗೆ?" ಎಂದು ಅತ್ತೆ ಚೀರಿದರು.

"ಕಾಲ ಹಚ್ಚಿದ್ರ ಮಂಚ ಆಗತೈತ್ರಿ ಆಯಿ" ಎಂದು ಬಡಿಗ ಗಡಿಬಿಡಿಯಿಂದ ಒಳಗೆ ಇಳಿಸಿದ.

ಕಾಲು ಹಚ್ಚಿದ. ನಾನು ಪಟ್ಟಿಗಳ ಮೇಲೆ ನಿಂತು ಜಿಗಿದೆ, ಕಿರ್ ಎನ್ನಲಿಲ್ಲ. ಬ್ಯಾಟರಿ ಹಿಡಿದು ಅಡಿಯಲ್ಲಿ ಗಂಟು, ಬಿರುಕು, ಮೊಳೆಯ ಮೊನೆ ಎಲ್ಲ ಹುಡುಕಿದೆ. ಬೈಯಲು ಏನೂ ಸಿಗಲಿಲ್ಲ. ಗಾದಿ ಹಾಸಿ ಮಗಳನ್ನು ಕರೆದೆ.

"ಒಲ್ಲೆ" ಅಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತವಳು ಜಗ್ಗಿದರೂ ಬರಲಿಲ್ಲ.

"ಯಾಕ ಬೇ?"

"ನಾ ಮಲಗಿದ ಮ್ಯಾಲ ಅಜ್ಜನ್ನ ಒಯ್ದಾಂಗ ನನ್ನೂ ಹೊತ್ಕೊಂಡ ಹೋಗ್ತಾರೇನ?"

ನನಗೆ ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂತು. ಏನಾದರೂ ಅನ್ನಬೇಕೆಂದು ತಿರುಗಿದರೆ ಅವರ ಮುಖ ಇಷ್ಟೇ ಇಷ್ಟಾಗಿತ್ತು. ಮಾವ ಹೋದಂದಿನಿಂದ ಅವರು ಚಾಪೆ ಬಿಟ್ಟು ಬೇರೆಲ್ಲೂ ಮಲಗಿದವರಲ್ಲ. ಮೊರ ಬದಿಗಿಟ್ಟು ಎದ್ದು ಬಂದು, ಆ ಮಂಚದ ಮೇಲೆ ಅಂಗಾತ ಮಲಗಿಬಿಟ್ಟರು.

"ನೋಡು, ನಾ ಮಲಗೇನಿ. ಯಾಂವ ಒಯ್ತಾನ, ಒಯ್ಯಲಿ ನೋಡೂಣು."

ಮಗಳು ಓಣಿಯ ಕಡೆ ನೋಡಿದಳು. ಆಮೇಲೆ ಬಡಿಗನ ಹೆಗಲನ್ನೇ ದಿಟ್ಟಿಸಿದಳು. ಅವನಿಗೆ ತಿಳಿಯಿತೇನೋ, ತಮ್ಮನನ್ನೂ ಜಗ್ಗಿ ಕೂರಿಸಿಕೊಂಡು, ಗೋಡೆಗೆ ಬೆನ್ನು ಹಚ್ಚಿ ಕೂತ.

ಆಮೇಲೆ ಅವಳು ಕಾಲೆಳೆಯುತ್ತ ಬಂದಳು. ಚೌಕಟ್ಟು ಹಿಡಿದಳು, ಮೊಣಕಾಲು ಊರಿದಳು, ಹತ್ತಿದಳು. ರೂಢಿಯಂತೆ ಮುಂದೆ ಹೋದ ನನ್ನ ಕೈಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ಜ್ವರ ಬಂದು ಹೋದ ಮೇಲೆ ಅವಳು ತಾನಾಗಿ ಏನನ್ನಾದರೂ ಹತ್ತಿದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ.

ಅತ್ತೆ ಏಳಲು ನೋಡಿದರು. ಮಂಚ ಅಷ್ಟು ಗಿಡ್ಡ, ಅವರ ಮಂಡಿ ಹಿಡಿದಿತ್ತು. ಮಗಳು ಜಾರಿ ಕೆಳಗಿಳಿದು ನಿಂತು ಕೈ ಚಾಚಿದಳು.

"ಏಳ ಆಯಿ. ಯಾರೂ ಬರಲಿಲ್ಲ. ಇನ್ನ ಇದು ನಂದು."